ಹುಕ್ಕೇರಿ ರಾಜಧಾನಿಯೋ, ಅವ್ವಲ ಕಾರಕೂನರ ಹುಲ್ಲೋ

ಹೌದ್ರಿ, ಆಗಿತ್ತು. ಹುಕ್ಕೇರಿ ರಾಜಧಾನಿನ ಆಗಿತ್ತು. ನೀವು ಬಾಯಿಬಿಟ್ಟ ಏನೂ ಕೇಳಿಲ್ಲ ಖರೆ, ಆದ್ರ ನಾ ‘ಹುಕ್ಕೇರಿ’ ಅಂದಕೂಡಲೇ ನಿಮ್ಮ ಹುಬ್ಬ ಮ್ಯಾಲ ಹೋದವು, ಅದು ನನಗ ಕಂಡತು. ವಿಜಾಪುರದ ಬಾದಶಾಹಿ ಕಾಲಕ್ಕ ಇಲ್ಲಿ ಸರದಾರರು ಕುಂತ ಸುತ್ತಲ ಸೀಮಿ ಎಲ್ಲಾ ಆಳಿದ್ರು. ಅವರ ಗುಮ್ಮಟ ಇನ್ನೂ ನಿಂತಾವು. ನೆಲದ ಕೆಳಗ ಕೊಳವಿ ಹಾಕಿಸಿ ಊರಿಗೆ ನೀರ ತಂದ್ರು. ಆ ನೀರ ತುಂಬಿಕೊಂಡ ಹೋಗಿ, ಹೊಟ್ಟಿತುಂಬ ಕುಡದು, ಮೀಸಿ ಒರಸ್ಕೊಂಡು, “ಈ ಊರಾಗ ಏನೈತಿ, ಮಣ್ಣು” ಅಂತಾರ ನಮ್ಮ ಮಂದಿ. ಸಿಟ್ಟ ಬರೂದಿಲ್ಲೇನ ಮನಷಾಗ?

ಹಳೇ ಊರಾಗ ಇಂಥಾವು ಆಗಕೋತನ ಇರತಾವು. ಸತ್ತವರು ತಮ್ಮ ಜಾಗಾ ಬಿಡೂದಿಲ್ಲ, ಇದ್ದವರಿಗೆ ಇರೋ ಜಾಗಾ ಸಾಲೂದಿಲ್ಲ. ನಡುವ ಸಿಕ್ಕಾಂವ ನಾನು.

ನಾ ಧಾರವಾಡಕ್ಕ ಕಾಲೇಜ ಕಲಿಯಾಕ ಹೋಗಿ ನಡಬರಕ ಬಿಟ್ಟ ಬಂದಾಂವ. ಮಾಸ್ತರು ಹೇಳೂದು ಮುಗಿಯೂದರಾಗ ನನಗ ಮೂರ ಸರ್ತಿ ಹೊರಗ ಹೋಗಬೇಕನಸ್ತಿತ್ತು, ನಾಕನೇ ಸರ್ತಿ ಹೋದಾಂವ ತಿರುಗಿ ಒಳಗ ಹೋಗಲಿಲ್ಲ, ಅಷ್ಟ. ಅಪ್ಪ ನನ್ನ ಜೋಡಿ ಮಾತಾಡೂದ ಬಿಟ್ಟಿದ್ದ. ಅದ ವ್ಯಾಳ್ಯಾಕ್ಕ ತಾಲೂಕಾ ನೋಡ್ಕೊಳ್ಳಾಕ ಹುಕ್ಕೇರಿಗೆ ಹೊಸಾ ಮಾಮಲೇದಾರರು ಬಂದ್ರು. ಹಳೇ ಕಲ್ಲ ಕಂಡ್ರ ಟಾಂಗಾ ನಿಂದರಿಸಿ ಇಳಿಯೋ ಮನಷಾ. ಗುಮ್ಮಟದ ಬಾಜೂಕ ಒಂದು ಸರಕಾರಿ ಕೋಲಿ ಖಾಲಿ ಬಿದ್ದಿತ್ತು. ಅದರಾಗ ಸುತ್ತಲ ಊರಿನ ಹಳೇ ಕಲ್ಲು, ಮೂರ್ತಿ, ತೋಪಿನ ಗುಂಡು ಕೂಡಸಿ ಒಂದು ಮ್ಯೂಸಿಯಂ ಮಾಡೂದು ಅಂತ ಅವರು ಮನಸ್ಸ ಮಾಡಿದ್ರು. ನೋಡ್ಕೊಳ್ಳಾಕ ನನ್ನ ಇಟ್ರು. ಕುಂದ್ರಾಕ ಖುರ್ಚಿ, ಬೈಯಾಕ ಮಂದಿ, ಇನ್ನೇನ ಬೇಕು ನನಗ.

ಆದ್ರ ಅದ ಕೋಲಿ ಮ್ಯಾಲ ಇನ್ನೊಬ್ಬರ ಕಣ್ಣಿತ್ತು. ಮಾಮಲೇದಾರ ಕಚೇರಿಯ ಅವ್ವಲ ಕಾರಕೂನರು, ಅಂದ್ರ ಎಲ್ಲಾ ಕಾರಕೂನರಿಗೂ ಹಿರೇರು. ಅವರ ಮನ್ಯಾಗ ಎಮ್ಮಿ ಭಾಳ, ಹುಲ್ಲ ಒಟ್ಟಾಕ ಜಾಗಾ ಇಲ್ಲ. ಮಾಮಲೇದಾರರು ಇಬ್ಬರನ್ನೂ ನಿಂದರಿಸಿ ಹೇಳಿದ್ರು: ಪ್ರಾಂತಸಾಹೇಬ್ರು, ಅಂದ್ರ ತಮ್ಮ ಮ್ಯಾಲಿನ ಇಂಗ್ರೇಜಿ ಸಾಹೇಬ್ರು, ಜಮಾಬಂದಿಗೆ, ಕಂದಾಯದ ಲೆಕ್ಕಾ ನೋಡಾಕ, ಬರತಾರ. ಅವರು ನೋಡಿ ಹೌದು ಅಂದ್ರ ಮ್ಯೂಸಿಯಂ. ಅಲ್ಲ ಅಂದ್ರ ಹುಲ್ಲು.

ಹಿಂಗಾಗಿ ಒಂದ ತಕ್ಕಡಿಯೊಳಗ ಬಾದಶಾಹಿ ರಾಜಧಾನಿ, ಇನ್ನೊಂದರೊಳಗ ಎಮ್ಮಿ. ತೂಗಾಂವ ವಿಲಾಯತಿಯಾಂವ.

ಚಿಠ್ಠಿ ಇಲ್ಲದ ಸರದಾರ

ಮೊದಲ ನನ್ನ ಹೊಟ್ಟಿ ಉರದದ್ದು ಗುಮ್ಮಟದ ಮ್ಯಾಲ. ಅಂಥಾ ಗುಮ್ಮಟ, ಒಳಗ ಸರದಾರನ ಗೋರಿ, ಅದಕ್ಕ ಕಿಡಕಿ ಬಾಗ್ಲಾ ಕೂಡಸಿ ಮುಸಾಫರಿ ಬಂಗಲೆ ಮಾಡಿದ್ರು. ತಿರಗಾಟಕ್ಕ ಬಂದ ಸಾಹೇಬ್ರು ಅಲ್ಲೇ ಇಳೀತಿದ್ರು. ಗೋರಿ ಮ್ಯಾಲ ಟ್ರಂಕ ಇಡತಿದ್ರು. ಗೋರಿ ತಲಿಯಿಂದ ಕಿಡಕಿಗೆ ಹಗ್ಗಾ ಕಟ್ಟಿ ಟಾವೆಲ್ ಒಣಗಸ್ತಿದ್ರು.

ಒಂದಿನ ಗೋಕಾಕದಿಂದ ಸಾಲಿ ಮಾಸ್ತರರ ಒಂದು ತಂಡ ಗುಮ್ಮಟ ನೋಡಾಕ ಬಂತು. ಎಲ್ಲಾರೂ ಕ್ವಾಟ ಹಾಕ್ಕೊಂಡ, ಬುತ್ತಿ ಕಟ್ಕೊಂಡ ಬಂದಿದ್ರು. ನಾ ದಾರಿತುಂಬ ಹುಕ್ಕೇರಿ ದೌಲತ್ತ ಹೇಳಕೋತ, ಅವರನ್ನ ಗುಮ್ಮಟದ ಮೆಟ್ಟಲಾ ಹತ್ತಿಸಿದ್ನಿ. ಬಾಗ್ಲಾದಾಗ ಬಂಗಲೆ ಬುಟ್ಲರ ಅಡ್ಡ ನಿಂತ. ಒಳಗ ಇಂಜಿನಿಯರ ಸಾಹೇಬ್ರು ಮಲಗ್ಯಾರ, ಗದ್ಲಾ ಮಾಡಬ್ಯಾಡ್ರಿ, ಹೋಗ್ರಿ ಅಂದ.

ಕೇಳಿ ನನ್ನ ಸಿಟ್ಟ ನೆತ್ತಿಗೇರತು. “ನಿಮ್ಮ ಸಾಹೇಬ್ರು ನಿನ್ನಿ ಬಂದ ಮಲಗ್ಯಾರ. ಅವರ ಕೆಳಗ ಇನ್ನೊಬ್ಬರು ಬಾದಶಾಹಿ ಕಾಲದಿಂದ ಮಲಗ್ಯಾರ. ಇವರು ಅವರನ್ನ ನೋಡಾಕ ಬಂದಾರ. ಹೋಗಿ ಹೇಳು.”

ಬುಟ್ಲರ ನನ್ನ ಮಾರಿ ನೋಡಿದ, ಮಾಸ್ತರರ ಮಾರಿ ನೋಡಿದ. ಕ್ವಾಟ ನೋಡಿ ಹೆದರಿದ್ನೋ ಏನೋ, ಒಳಗ ಹೋದ. ಒಳಗ ಏನೋ ಗುಡುಗಿದಂಗಾತು. ಗುಮ್ಮಟದಾಗ ಸಣ್ಣಗ ಮಾತಾಡಿದ್ರೂ ಗುಡುಗಿದಂಗ ಕೇಳತೈತಿ, ಇನ್ನ ಇಂಜಿನಿಯರ ನಿದ್ದಿಗಣ್ಣಾಗ ಬೈದ್ರ ಹೆಂಗಿದ್ದೀತು ವಿಚಾರ ಮಾಡ್ರಿ. ಬುಟ್ಲರ ತಿರುಗಿ ಬಂದು, ನನಗಲ್ಲ, ಮಾಸ್ತರರಿಗೆ ಕೈಮುಗದು ಕೇಳಿದ:

“ಸಾಹೇಬ್ರು ಕೇಳಾಕತ್ತಾರ್ರಿ. ಕೆಳಗ ಇಳಕೊಂಡವರ ಕಡೆ ಕಚೇರಿ ಚಿಠ್ಠಿ ಐತೇನು? ಇಲ್ಲಂದ್ರ ಇವತ್ತ ಖಾಲಿ ಮಾಡಬೇಕಂತ.”

ಗೋಕಾಕದ ಮೂಗು

ಕುಲಗೋಡದ ಕಡೆ ಒಂದು ವೀರಗಲ್ಲ ಐತಿ ಅಂತ ಮಾಮಲೇದಾರರಿಗೆ ಯಾರೋ ಹೇಳಿದ್ರು. ನಾ ಚಕ್ಕಡಿ ಹೂಡಿಸ್ಕೊಂಡ ಹೋದ್ನಿ. ಕಲ್ಲ ನೋಡಿದ್ರ ಏನ ಚೆಂದ. ಕೆಳಗ ದನಾ ಹೊಡಕೊಂಡ ಹೊಂಟ ಕಳ್ಳರ ಜೋಡಿ ವೀರ ಕುದುರಿ ಮ್ಯಾಲ ಕುಂತ ಹೊಡದಾಡಾಕತ್ತಾನ, ನಡುವ ಅವನನ್ನ ಅಪ್ಸರೇರು ಎತಗೊಂಡ ಹೊಂಟಾರ, ಮ್ಯಾಲ ಸ್ವರ್ಗದಾಗ ಅಂವ ಶಿವನ ಮುಂದ ಕುಂತಾನ. ಊರ ದನಾ ಉಳಸಾಕ ಸತ್ತ ಪುಣ್ಯಾತ್ಮ. ಅವನ ಕಲ್ಲಿಗೆ ಊರ ಎಮ್ಮಿ ಎಲ್ಲಾ ಬಂದು ಮೈ ತಿಕ್ಕತಿದ್ದವು. ತಿಕ್ಕಿ ತಿಕ್ಕಿ ಸ್ವರ್ಗ ಸವದ ಹೋಗಿತ್ತು.

ಊರವರು ಒಯ್ಯಾಕ ಏನೂ ತಕರಾರ ಮಾಡಲಿಲ್ಲ. ಒಬ್ಬ ಮುತ್ಯಾ ಅಷ್ಟ ಅಡ್ಡ ಬಂದ. ಕಲ್ಲ ಒಯ್ಯಿರಿ, ಆದ್ರ ನಮ್ಮ ಎಮ್ಮಿ ತುರಿಸಗೊಳ್ಳಾಕ ಇನ್ನೊಂದ ಹುಗದ ಹೋಗ್ರಿ ಅಂದ. ಹುಗದ ಬಂದ್ವಿ. ನನ್ನ ನಸೀಬದಾಗ ಎಲ್ಲಿ ಹೋದ್ರೂ ಎಮ್ಮಿ.

ದಾರ್ಯಾಗ ಚಕ್ಕಡಿ ಗಾಲಿ ತಗ್ಗಿಗೆ ಬಿದ್ದು ಕಲ್ಲ ಉಳ್ಳಿ, ವೀರನ ಮೂಗ ಮುರೀತು. ಕಳ್ಳರ ಕೈಯಾಗ ಸಾಯೂವಾಗ ಉಳದ ಮೂಗು ಸರಕಾರದ ಕೈಯಾಗ ಹೋತು. ಮೂಗಿಲ್ಲದ ವೀರನ್ನ ಪ್ರಾಂತಸಾಹೇಬ್ರಿಗೆ ಹೆಂಗ ತೋರಸೂದು? ಗೋಕಾಕ ದಾರ್ಯಾಗ ಇತ್ತು. ಅಲ್ಲಿ ಗೊಂಬಿ ಮಾಡೋ ಒಬ್ಬ ಕಸಬುದಾರ ಇದ್ದ. ಅಂವ ಮಾಡಿದ ಕಟಗಿ ಮಾವಿನಹಣ್ಣ ನೋಡಿ ಮಂದಿ ಕಚ್ಚಿ ಹಲ್ಲ ಮುರಕೊಂಡಾರ ಅಂತ ಸುದ್ದಿ. ಅವನ ಮನಿಮುಂದ ಕಲ್ಲ ಇಳಿಸಿ, ಮೂಗೊಂದ ಕೂಡಸ್ರಿ ಅಂತ ಹೇಳಿ ಬಂದ್ನಿ. ಮೂಗು ಅಂತನ ಹೇಳಿದ್ನಿ. ಬ್ಯಾರೆ ಏನೂ ಹೇಳಲಿಲ್ಲ.

ಸಂತಿ ಕಳದ ಮ್ಯಾಲ ಹೋಗಿ ನೋಡಿದ್ನಿ. ಮೂಗ ಕೂಡಸ್ಯಾನ. ಮೂಗಿಗೆ ಬಣ್ಣ ಹಚ್ಯಾನ. ಮೂಗಿಗೆ ಹಚ್ಚಿದ್ದ ಗಲ್ಲಕ್ಕ ಇಲ್ಲಾಂದ್ರ ಚೆಂದ ಕಾಣೂದಿಲ್ಲಂತ ಗಲ್ಲಕ್ಕೂ ಹಚ್ಯಾನ. ಹಂಗ ಇಳಕೋತ ಇಳಕೋತ ಕುದುರಿ ಬಾಲದ ತನಕ ಬಂದಾನ. ವೀರನ ತುಟಿ ಕೆಂಪು, ಮೀಸಿ ಕರಿ, ಮೈ ಹಳದಿ, ಮ್ಯಾಲ ಅರಗು ಹಚ್ಚಿ ತಿಕ್ಕಿದ್ದಕ್ಕ ನಮ್ಮ ಮಾರಿ ಕಾಣೂವಂಗ ಮಿಂಚಾಕತ್ತೈತಿ. ಅಪ್ಸರೇರಿಗೆ ಇಳಕಲ್ ಸೀರಿ. ಅದೂ ಹೋಗಲಿ, ಕಲ್ಲಾಗ ಹಲ್ಲ ಕಡಕೊಂಡ ಹೊಡದಾಡತಿದ್ದ ವೀರ ಈಗ ಮದವಿ ಗಂಡಿನಂಗ ನಗಾಕತ್ತಿದ್ದ.

“ಏನ ಮಾಡಿದಿರಿ ಇದು? ಹೊಡದಾಡಾಂವ ನಗತಾನೇನ್ರಿ?”

“ಸ್ವರ್ಗಕ್ಕ ಹೊಂಟಾಂವ ಅಳತಾನೇನ್ರಿ?” ಅಂದ ಕಸಬುದಾರ, ಶಾಂತ.

ಇದಕ್ಕ ಕಾಲೇಜಿನ್ಯಾಗ ಉತ್ತರಾ ಕಲಿಸಿರಬೇಕು, ಆ ಹೊತ್ತಿನ್ಯಾಗ ನಾ ಹೊರಗ ಹೋಗಿದ್ನೆಂದ ಕಾಣತೈತಿ.

ವೀರನ್ನ ತಂದು ಕೋಲ್ಯಾಗ ನಿಂದರಿಸಿದ್ವಿ. ಅವ್ವಲ ಕಾರಕೂನರು ದಿನಾ ಒಂದ ಸರ್ತಿ ಬಂದು, ನೋಡಿ, ಮೀಸಿ ಒಳಗ ನಕ್ಕು, ಕೋಲಿಯ ಉದ್ದಗಲಾ ಅಳದು ಹೋಗತಿದ್ರು. ಇದನ್ನ ಸಾಹೇಬ್ರ ನೋಡಿದ್ರ ಮ್ಯೂಸಿಯಂ ಅಲ್ಲ, ಗೊಂಬಿ ಅಂಗಡಿ ಅಂತಾರ ಅಂತ ಅವರಿಗೆ ಖಾತ್ರಿ ಆಗಿತ್ತು. ನನಗೂ ಆಗಿತ್ತು, ಹೇಳಲಿಲ್ಲ ಅಷ್ಟ.

ಹುಕ್ಕೇರಿ ಸಂತಿಗೆ ಬಂದಾಗ ಕುಲಗೋಡದ ಆ ಮುತ್ಯಾ ತಮ್ಮೂರ ವೀರನ್ನ ನೋಡಾಕ ಬಂದ. ಬಡಿಗಿ ಊರಿ ವೀರನ ಮುಂದ ನಿಂತ. ಈಗ ನನಗ ಶ್ರಾಪಾ ಕೊಡತಾನಂತ ನಾ ತಲಿ ಕೆಳಗ ಹಾಕಿದ್ನಿ. ಮುತ್ಯಾ ವೀರನ ಗಲ್ಲಾ ಮುಟ್ಟಿ ನೋಡಿ ಅಂದ:

“ನಮ್ಮೂರಾಗಿದ್ದಾಗ ಇಷ್ಟ ಮೈ ಹಿಡದಿರಲಿಲ್ಲ ತಮ್ಮಾ. ಸರಕಾರಿ ಅನ್ನ ಹತ್ತಿತು ಅವಗ.”

ಸುಣ್ಣ

ಸಾಹೇಬ್ರ ಸವಾರಿ ಹತ್ತರ ಬಂತು ಅಂದ್ರ ಕಚೇರಿಯವರಿಗೆ ಒಂದ ರೋಗ ಬರತೈತಿ. ಕಂಡದ್ದಕ್ಕೆಲ್ಲಾ ಸುಣ್ಣಾ ಹಚ್ಚತಾರ. ಗ್ವಾಡಿ ಆತು, ಗಿಡದ ಬುಡಾ ಆತು, ದಾರಿ ಬಾಜೂದ ಕಲ್ಲ ಆತು. ಮಲಗಿದ ನಾಯಿ ಎದ್ದ ಓಡಿದ್ರ ಉಳೀತು, ಇಲ್ಲಂದ್ರ ಅದೂ ಆತು.

ಆವತ್ತ ನಾ ಚಾ ಕುಡಿಯಾಕ ಪೇಟಿಗೆ ಹೋಗಿದ್ನಿ. ಚಾ ಅಂದ್ರ ಬರೇ ಚಾ ಅಲ್ಲ, ಹುಕ್ಕೇರಿ ರಾಜಧಾನಿ ಹೌದೋ ಅಲ್ಲೋ ಅಂತ ಅಂಗಡ್ಯಾಗ ಒಬ್ಬನ ಜೋಡಿ ವಾದಾ ಇತ್ತು, ಅದನ್ನ ಮುಗಿಸಿ ಬರೂದರಾಗ ತಡಾ ಆತು. ಬಂದ ನೋಡತೇನಿ, ಸುಣ್ಣಾ ಹಚ್ಚಾಂವ ಕೋಲಿ ಪೂರಾ ಮುಗಿಸಿ, ಕುಂಚಾ ತೊಳಕೋತ ಕುಂತಾನ. ಗ್ವಾಡಿ ಬೆಳ್ಳಗ. ಮೂರ್ತಿ ಬೆಳ್ಳಗ. ತೋಪಿನ ಗುಂಡ ಎಲ್ಲಾ ಬೆಳ್ಳಗ, ಉಂಡಿ ಕಟ್ಟಿ ಇಟ್ಟಂಗ. ವೀರನ ಕೆಂಪ ತುಟಿ ಅಷ್ಟ ಸುಣ್ಣದೊಳಗಿಂದ ಇಣಕಿ ನಗಾಕತ್ತಿತ್ತು.

ಯಾರ ಹೇಳಿದ್ರೋ ನಿನಗ ಅಂತ ಮೈಮ್ಯಾಲ ಹೋದ್ನಿ. ಅವ್ವಲ ಕಾರಕೂನರು ಹೇಳಿದ್ರು, ಕೋಲ್ಯಾಗ ಇದ್ದ ಸರಕಾರಿ ಸಾಮಾನ ಒಂದೂ ಬಿಡಬ್ಯಾಡ ಅಂದಿದ್ರು, ನಿಮ್ಮ ಖುರ್ಚಿಗೂ ಹಚ್ಚೇನ್ರಿ, ಕುಂದ್ರಬ್ಯಾಡ್ರಿ ಅಂದ. ಅವನ ಮ್ಯಾಲ ಸಿಟ್ಟ ಮಾಡಿ ಏನ ಉಪಯೋಗ. ಅಂವ ಹೇಳಿದ್ದ ಮಾಡಾಂವ.

ಮಾಮಲೇದಾರರು ಓಡಿ ಬಂದ್ರು. ಇಬ್ಬರೂ ಅರಬಿ ತೋಯಿಸ್ಕೊಂಡು ಒರಸಾಕ ಕುಂತ್ವಿ. ಅಲ್ಲೊಂದು ಶಿಲಾಶಾಸನ ಇತ್ತು, ಅಕ್ಷರಾ ಸವದು ಯಾರಿಗೂ ಓದಾಕ ಬರತಿರಲಿಲ್ಲ. ಮಾಮಲೇದಾರರು ಎಷ್ಟೋ ಸರ್ತಿ ಬೆರಳಾಡಿಸಿ ನೋಡಿ ಬಿಟ್ಟಿದ್ರು. ಈಗ ಮ್ಯಾಲಿನ ಸುಣ್ಣಾ ಒರಸಿದ್ರ, ಅಕ್ಷರದ ತಗ್ಗಿನ್ಯಾಗಿನ ಸುಣ್ಣಾ ಹಂಗ ಉಳೀತು. ಕರೀ ಕಲ್ಲ ಮ್ಯಾಲ ಬಿಳೀ ಅಕ್ಷರಾ, ಸಾಲಿ ಪಾಟಿ ಮ್ಯಾಲ ಬರದಂಗ ಎದ್ದ ಕಂಡವು. ಮಾಮಲೇದಾರರ ಕಣ್ಣಾಗ ನೀರ ಬಂದವು. ದೇವಸ್ಥಾನಕ್ಕ ಯಾರೋ ಹೊಲಾ ಬಿಟ್ಟ ಮಾತು ಇತ್ತು. ಕಟ್ಟಕಡೀ ಸಾಲನ್ನ ಅವರು ಜೋರಾಗಿ ಓದಿದ್ರು. ಇದನ್ನ ಯಾರ ಕೆಡಸ್ತಾರೋ ಅವರಿಗೆ ಕಾಶಿಯೊಳಗ ಆಕಳ ಕೊಂದ ಪಾಪ ಬರತೈತಿ, ಅಂತ ಇತ್ತು.

ಅಷ್ಟರಾಗ ಅವ್ವಲ ಕಾರಕೂನರು ಬಾಗ್ಲಾದಾಗ ಬಂದ ನಿಂತಿದ್ರು. ಮಾರಿ ಸಣ್ಣದಾಗಿತ್ತು. ನನ್ನ ಕಿವಿ ಹತ್ರ ಬಂದು ಕೇಳಿದ್ರು:

“ಅಲ್ಲೋ, ಪಾಪ ಸುಣ್ಣಾ ಹಚ್ಚಿದಾಂವಗೋ, ಹಚ್ಚು ಅಂದಾಂವಗೋ? ಅದನ್ನ ಬಿಡಿಸಿ ಬರದಾರೇನ ನೋಡ.”

ಆಯಿ ಹೊಸ್ತಿಲಾ

ಹುಕ್ಕೇರಿ ಹಳೇ ಪೇಟ್ಯಾಗ ಒಂದು ವಾಡೆ ಇತ್ತು. ಅದರ ಬಾಗ್ಲಾ ಸರದಾರರ ಕಾಲದ್ದು. ಸಾಗವಾನಿ ಕಟಗಿ, ಚೌಕಟ್ಟಿನ ತುಂಬ ಬಳ್ಳಿ ಗಿಳಿ, ಕದದ ಮ್ಯಾಲ ಹಿತ್ತಾಳಿ ಹೂವು. ಹುಕ್ಕೇರಿ ರಾಜಧಾನಿ ಆಗಿತ್ತು ಅನ್ನಾಕ ಅದೊಂದ ಬಾಗ್ಲಾ ಸಾಕಾಗಿತ್ತು. ಆ ಮನಿಗೆ ಹಿರೇಕಿ ಒಬ್ಬ ಮುದುಕಿ, ಎಲ್ಲಾರೂ ಆಯಿ ಅಂತಿದ್ರು. ಹಣಿತುಂಬ ವಿಭೂತಿ, ಬಾಯಿತುಂಬ ಖಾರ.

ಆಯಿಯ ಮಕ್ಕಳಿಬ್ಬರು ಬ್ಯಾರಿ ಆದ್ರು. ಹೊಲಾ ಹಂಚಕೊಂಡ್ರು, ಬಾಂವಿ ಹಂಚಕೊಂಡ್ರು, ಬಾಗ್ಲಾಕ್ಕ ಬಂದ ನಿಂತ್ರು. ಇಬ್ಬರಿಗೂ ಅದ ಬೇಕು. ಪಂಚರು ಭಾಳ ವಿಚಾರ ಮಾಡಿ ನ್ಯಾಯಾ ಹೇಳಿದ್ರು: ಕದಾ ಎರಡ ಅದಾವು, ಒಬ್ಬರಿಗೊಂದು. ಚೌಕಟ್ಟ ನಡುವ ಕೊಯ್ಯೂದು. ಇಂಥಾ ಪಂಚರ ಕೈಯಾಗ ಸಿಕ್ಕಿದ್ರ ಗುಮ್ಮಟಾನೂ ಕಲ್ಲಂಗಡಿಯಂಗ ಹೋಳ ಮಾಡಿ ಕೊಡತಿದ್ರು. ಆಯಿ ಎದ್ದ ನಿಂತಳು. ಇಬ್ಬರಿಗೂ ಬ್ಯಾಡ, ಸರಕಾರಕ್ಕ ಕೊಡತೇನಿ ಅಂದಳು. ಹೊಸ್ತಿಲಾ ಸುದ್ಧಾ ಕೀಳಿಸಿ ನಮ್ಮ ಕೋಲಿಗೆ ಕಳಿಸಿಬಿಟ್ಟಳು. ವಾಡೆದ ತೆರವಿಗೆ ಗೋಣಿತಟ್ಟ ಬಂತು.

ನಾವು ಬಾಗ್ಲಾನ್ನ ಕೋಲಿಯ ನಟ್ಟನಡುವ ನಿಂದರಿಸಿದ್ವಿ. ಚೌಕಟ್ಟ, ಕದಾ, ಹೊಸ್ತಿಲಾ, ಎಲ್ಲಾ ಇದ್ದಂಗ. ಎಡಕ್ಕೂ ಬಲಕ್ಕೂ ಗ್ವಾಡಿ ಇಲ್ಲ. ಬಂದವರು ಸುತ್ತ ತಿರಗಾಡಿ ಹಿಂದು ಮುಂದಿನ ಕೆತ್ತನಿ ನೋಡಲಿ ಅಂತ.

ಮರದಿನ ಮುಂಜಾನೆ ಆಯಿ ತಂಬಿಗಿ ನೀರು, ರಂಗೋಲಿ ಬಟ್ಟಲಾ ಹಿಡಕೊಂಡ ಹಾಜರ. ಏನಾಯಿ ಅಂದ್ನಿ. ಹೊಸ್ತಿಲಾ ಪೂಜಿ ಮಾಡಬ್ಯಾಡೇನ ಅಂದಳು. ಬಾಗ್ಲಾ ಈಗ ಸರಕಾರದ್ದಾತು, ನೀ ಯಾಕ ತ್ರಾಸ ತಗೋತಿ ಅಂತ ಹೇಳಿದ್ನಿ.

“ಸರಕಾರದ ಹೇಂತಿ ಬಂದ ಪೂಜಿ ಮಾಡತಾಳಂದ್ರ ನಾ ಬರೂದಿಲ್ಲ. ಹೇಳಿ ಕಳಸು.”

ಅಲ್ಲಿಂದ ದಿನಾ ಬಂದಳು. ಹೊಸ್ತಿಲಾ ತೊಳದು, ವಿಭೂತಿ ಕುಂಕಮ ಹಚ್ಚಿ, ರಂಗೋಲಿ ಹಾಕತಿದ್ದಳು. ಬರಬರತ ಅಕ್ಕಿ ತುಂಬಿದ ಕೇರೋ ಮರಾ ತಂದು ಬಾಗ್ಲಾದ ಒಳಬಾಜೂಕ ಕುಂತು ಆರಿಸಾಕ ಹತ್ತಿದಳು. ಗೋಣಿತಟ್ಟಿನ ಹಿಂದ ಕುಂತ್ರ ಬೀದ್ಯಾಗ ಕುಂತಂಗ ಆಗತೈತಿ, ಬಾಗ್ಲಾ ಇದ್ದಲ್ಲೇ ಮನಿ ಅಂತಿದ್ದಳು. ನನ್ನ ಖುರ್ಚಿ ಬಾಗ್ಲಾದ ಆ ಕಡೆ ಇತ್ತು. ನಾ ಬಾಜೂಕಿಂದ ಹಾದು ಹೋಗಿ ಕುಂತ್ರ, ಕಳ್ಳರಂಗ ಎಲ್ಲಿಂದ ಬಂದಿ ಅಂತ ಬೈತಿದ್ದಳು. ಚಪ್ಪಲಿ ಬಿಟ್ಟು, ಹೊಸ್ತಿಲಾ ದಾಟಿ ಬಾ ಅಂತ. ನೌಕರಿ ಸರಕಾರದ್ದು, ಹುಕುಂ ಆಯಿದು.

ಹಿಂಗಿದ್ದಾಗ ಬಂದ್ರು ಪ್ರಾಂತಸಾಹೇಬ್ರು. ಹರೇದ ಮನಷಾ, ಉದ್ದನ್ನ ದೇಹ, ಮುನ್ಶಿ ಕಡೆ ಕಲ್ತ ಪುಸ್ತಕದ ಕನ್ನಡ. ಸಂಗಾಟ ಮಾಮಲೇದಾರರು, ಅವ್ವಲ ಕಾರಕೂನರು. ವೀರನ್ನ ಒಂದ ಸರ್ತಿ ನೋಡಿ ಸಾಹೇಬ್ರು ಮುಂದ ನಡದ್ರು. ತೋಪಿನ ಗುಂಡ ನೋಡಿ ಹಂಗ ಮುಂದ ನಡದ್ರು. ಅವ್ವಲ ಕಾರಕೂನರ ಮಾರಿ ಅರಳಕೋತ ಬಂತು. ನಾ ಹುಕ್ಕೇರಿ ದೌಲತ್ತ ಹೇಳಾಕ ಬಾಯಿ ತಗದ್ನಿ, ಮಾಮಲೇದಾರರು ಸುಮ್ಮನಿರು ಅಂತ ಕಣ್ಣ ಬಿಟ್ರು.

ಬಾಗ್ಲಾ ಕಂಡಕೂಡಲೇ ಸಾಹೇಬ್ರು ನಿಂತ್ರು. ಮುಟ್ಟಿದ್ರು. ಹಿಂದಿನ ಕೆತ್ತನಿ ನೋಡಬೇಕಂತ ಬಾಜೂಕಿಂದ ಆ ಕಡೆ ಹೊಂಟ್ರು. ಆ ಕಡೆ ಆಯಿ ಅಕ್ಕಿ ಆರಸ್ತಿದ್ದಳು. ತಲಿ ಎತ್ತಲಿಲ್ಲ.

“ಯಾರಪಾ ಅದು, ಗ್ವಾಡಿ ಒಡಕೊಂಡ ಬರಾಕತ್ತಾಂವ?”

ಅವ್ವಲ ಕಾರಕೂನರು ಮುಂದ ಬಂದು, ಮುದುಕಿ, ಇಲ್ಲಿ ಗ್ವಾಡಿ ಎಲ್ಲೈತಿ, ಇವರು ಯಾರ ಗೊತ್ತೈತೇನ ಅಂತ ಗದರಿಸಿದ್ರು. ಗ್ವಾಡಿ ಇಲ್ಲದಿದ್ರ ಏನಾತು, ಬಾಗ್ಲಾ ಐತೆಲ್ಲ, ಕಣ್ಣಿಲ್ಲೇನ ಅಂದಳು ಆಯಿ.

ಸಾಹೇಬ್ರು ಅಲ್ಲೇ ನಿಂತ್ರು. ಬಾಗ್ಲಾ ನೋಡಿದ್ರು, ರಂಗೋಲಿ ನೋಡಿದ್ರು, ಆಯಿ ನೋಡಿದ್ರು. ಆಮ್ಯಾಲ ತಿರುಗಿ ಈ ಕಡೆ ಬಂದು, ನೆಲದ ಮ್ಯಾಲ ಕುಂತು, ಬೂಟಿನ ಲಾಡಿ ಬಿಚ್ಚಾಕ ಹತ್ತಿದ್ರು. ಸಾಹೇಬ್ರ ಕುಂತ ಮ್ಯಾಲ ಮಾಮಲೇದಾರರು ನಿಂದ್ರತಾರೇನು, ಅವರೂ ಕುಂತ್ರು. ಅವ್ವಲ ಕಾರಕೂನರೂ ಬುಸುಗುಡಕೋತ ಜೋಡ ಕಳದ್ರು. ಸಾಹೇಬ್ರು ಎದ್ದು, ರಂಗೋಲಿ ತುಳೀದಂಗ ಹೊಸ್ತಿಲಾ ದಾಟೂವಾಗ ಮ್ಯಾಲಿನ ಪಟ್ಟಿಗೆ ಹಣಿ ಬಡಕೊಂಡ್ರು. ಬಗ್ಗಿ ಬರಬೇಕಪಾ ಅಂದಳು ಆಯಿ. ಅವರ ಹಿಂದ ನಾವೆಲ್ಲಾ ಬಗ್ಗಿ ದಾಟಿ ಒಳಗ ಹೋಗಿ ಕುಂತ್ವಿ. ಮನಿಗೆ ಬಂದವರಿಗೆ ಕೊಡೂವಂಗ ಬೆಲ್ಲಾ ನೀರು ಕೊಟ್ಟಳು. ಸಾಹೇಬ್ರು ಹಣಿ ತಿಕ್ಕೋತ ಬೆಲ್ಲಾ ತಿಂದ್ರು.

“ಅಮ್ಮನವರೇ, ಈ ಬಾಗಿಲು ಯಾವ ಅರಸರ ಕಾಲದ್ದು?”

ನಾ ಮನಸಿನ್ಯಾಗ ಬೇಡಕೊಳ್ಳಾಕ ಹತ್ತಿದ್ನಿ. ಹೇಳ ಆಯಿ, ಬಾದಶಾಹಿ ಕಾಲದ್ದು ಅಂತ ಹೇಳ, ರಾಜಧಾನಿ ಅಂತ ಹೇಳ.

“ನಮ್ಮತ್ತಿ ಕಾಲದ್ದು” ಅಂದಳು ಆಯಿ.

ಸಾಹೇಬ್ರು ಇದನ್ನ ಭಾಳ ದೊಡ್ಡ ಮಾತಿನಂಗ ತಲಿ ಅಲ್ಲಾಡಿಸಿ ಕೇಳಕೊಂಡ್ರು. ಇದ ಸಂದ ನೋಡಿ ಅವ್ವಲ ಕಾರಕೂನರು ಅರ್ಜಿ ಹೇಳಿದ್ರು: ಇದು ಖಾಲಿ ಬಿದ್ದ ಕೋಲಿ, ಬರೇ ಒಡಕ ಕಲ್ಲ ಅದಾವು, ಅಪ್ಪಣಿ ಆದ್ರ ಹುಲ್ಲ ಹಾಕಾಕ ಉಪಯೋಗ ಆಗತೈತಿ.

ಸಾಹೇಬ್ರು ಸುತ್ತಲೂ ನೋಡಿದ್ರು. ಮರದಾಗಿನ ಅಕ್ಕಿ, ತಂಬಿಗಿ, ಸುಣ್ಣಾ ಹಚ್ಚಿದ ನನ್ನ ಖುರ್ಚಿ.

“ಖಾಲಿ ಎಂದು ಯಾರು ಹೇಳಿದರು? ಇಲ್ಲಿ ಇವರು ವಾಸವಾಗಿದ್ದಾರೆ. ಇನ್ನೊಬ್ಬರ ಮನೆಯೊಳಗೆ ನಾವು ಹುಲ್ಲು ತುಂಬುವುದು ಸಭ್ಯವಲ್ಲ. ಎಲ್ಲವೂ ಇದ್ದ ಹಾಗೆಯೇ ಇರಲಿ.”

ಮುಗೀತು. ಮ್ಯೂಸಿಯಂ ಉಳೀತು. ನೋಡ್ರಿ ಹೆಂಗೈತಿ ನ್ಯಾಯಾ. ನಾ ಗಂಟಲ ಹರಕೊಂಡ ಹೇಳಿದ ಬಾದಶಾಹಿ, ಸರದಾರರು, ಗುಮ್ಮಟ, ಶಾಸನ, ಯಾವುದಕ್ಕೂ ಕಿಮ್ಮತ್ತ ಬರಲಿಲ್ಲ. ರಾಜಧಾನಿ ಉಳದದ್ದು ಒಂದ ಮರಾ ಅಕ್ಕಿ ಮ್ಯಾಲ. ಖುಷಿ ಆಗೂದ ಬಿಟ್ಟು ನನಗ ಮತ್ತ ಸಿಟ್ಟ ಬಂತು.

ನನಗಿಂತ ಸಿಟ್ಟ ಬಂದದ್ದು ಅವ್ವಲ ಕಾರಕೂನರಿಗೆ. ಮಾರಿ ಕೆಂಪಗಾತು. ಸಾಹೇಬ್ರ ಮುಂದ ಏನೂ ಅನ್ನೂವಂಗಿಲ್ಲ, ಹಂಗಾರ ನಾ ಬರತೇನ್ರಿ ಅಂತ ಅಷ್ಟ ಅಂದು ಎದ್ರು. ಬಾಜೂಕಿಂದ ಹೋಗಾಕ ಹೊಂಟ್ರು. ಆಯಿ ಕೆಮ್ಮಿದಳು. ಸಾಹೇಬ್ರು ಆಯಿ ಕಡೆ ನೋಡಿದ್ರು, ಆಮ್ಯಾಲ ಅವ್ವಲ ಕಾರಕೂನರ ಕಡೆ ನೋಡಿದ್ರು. ಅವ್ವಲ ಕಾರಕೂನರು ತಿರುಗಿ ಬಂದ್ರು. ರುಮಾಲ ಹಿಡಕೊಂಡ ಬಗ್ಗಿದ್ರು, ರಂಗೋಲಿ ತುಳೀದಂಗ ಹೊಸ್ತಿಲಾ ದಾಟಿದ್ರು. ಆ ಕಡೆ ಹೋಗಿ, ಇನ್ನ ನಿಮ್ಮ ಮಾರಿ ನೋಡೂದಿಲ್ಲ ಅನ್ನೂವಂಗ, ಎಡಕ್ಕ ಬಲಕ್ಕ ಗ್ವಾಡಿ ಇಲ್ಲದ ಆ ಬಾಗ್ಲಾದ ಎರಡೂ ಕದಾ ಹಿಡದ ಜಗ್ಗಿ, ನಮ್ಮೆಲ್ಲಾರ ಮುಂದ ಧಡ್ ಅಂತ ಮುಚ್ಚಿಕೊಂಡ್ರು.